ಬರ್ಗಂಡಿಯ ದ್ರಾಕ್ಷಿ ತೋಟಗಳು, ಮನೆತನಗಳು, ಪಾಲುಪಟ್ಟಿಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಫ್ರಾನ್ಸಿನ ಬರ್ಗಂಡಿ ಅಂದ ಕೂಡಲೇ ಮಾತು ರುಚಿ, ಪರಿಮಳ, ಬಾಟಲಿಯ ಬೆಲೆಯ ಕಡೆ ಹೊರಳುತ್ತದೆ. ಆ ನೆಲದಲ್ಲಿ ಸೊಂಟ ಬಗ್ಗಿಸಿ ದುಡಿದವರು ಯಾರು, ಜಮೀನು ಯಾರ ಕೈಯಿಂದ ಯಾರ ಕೈಗೆ ದಾಟಿತು, ಅಣ್ಣತಮ್ಮಂದಿರು ಹೇಗೆ ಪಾಲಾದರು ಎಂಬುದನ್ನು ಕೇಳುವವರು ಕಡಿಮೆ. ನನಗೆ ವೈನಿಗಿಂತ ಈ ಕಥೆಯೇ ದೊಡ್ಡದು. ಓದುಗರು ಆಗಾಗ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ.

ಬರ್ಗಂಡಿ ಎಲ್ಲಿದೆ? ಇಲ್ಲಿ ಯಾವ ಭಾಗದ ಮಾತು?

ಪ್ಯಾರಿಸ್ಸಿನಿಂದ ಆಗ್ನೇಯಕ್ಕೆ ವೇಗದ ರೈಲಿನಲ್ಲಿ ಒಂದೂವರೆ ಗಂಟೆಯ ಆಸುಪಾಸಿನ ದಾರಿ ದಿಜೋಂ ನಗರ. ಅಲ್ಲಿಂದ ದಕ್ಷಿಣಕ್ಕೆ, ಬೋನ್ ಪಟ್ಟಣವನ್ನು ದಾಟಿ ಸುಮಾರು 50 ಕಿ.ಮೀ. ಉದ್ದಕ್ಕೆ ಪೂರ್ವಕ್ಕೆ ಮುಖ ಮಾಡಿದ ಒಂದು ಸುಣ್ಣಕಲ್ಲಿನ ಇಳಿಜಾರಿದೆ. ಅದೇ ಕೋತ್ ದೋರ್. ಕೆಂಪು ವೈನಿಗೆ ಪಿನೊ ನ್ವಾರ್, ಬಿಳಿಗೆ ಶಾರ್ದೊನೆ. ಶಾಬ್ಲಿ, ಮಾಕೋನೆ ಪ್ರದೇಶಗಳೂ ಬರ್ಗಂಡಿಗೇ ಸೇರಿದವು, ಆದರೆ ಇಲ್ಲಿ ಹೇಳುವುದೆಲ್ಲ ಈ ಇಳಿಜಾರಿನ ಕಥೆ.

ಇಳಿಜಾರಿನ ನಡುಭಾಗದ ಜಮೀನಿಗೆ ಹೆಚ್ಚು ಬೆಲೆ. ತೀರ ಮೇಲೆ ಹೋದರೆ ಮಣ್ಣು ತೆಳು, ಚಳಿ ಹೆಚ್ಚು. ಕೆಳಗಿನ ಬಯಲಲ್ಲಿ ತೇವ ಹೆಚ್ಚು. ಹೆದ್ದಾರಿಯ ಈಚೆಗಿದೆಯೋ ಆಚೆಗಿದೆಯೋ ಎಂಬುದರ ಮೇಲೆ ಹೊಲದ ಹಣೆಬರಹವೇ ಬದಲಾಗುತ್ತದೆ. ಒಂದೊಂದು ತುಂಡಿಗೂ ಒಂದೊಂದು ಹೆಸರು, ಎಲ್ಲೆ, ಚರಿತ್ರೆ ಇದೆ. ಇಂಥ ತುಂಡನ್ನು ಅಲ್ಲಿನವರು ಕ್ಲಿಮಾ ಎನ್ನುತ್ತಾರೆ. 2015ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದಾಗ ಲೆಕ್ಕಕ್ಕೆ ಬಂದ ಕ್ಲಿಮಾಗಳು 1,247.

ಈ ತೋಟಗಳನ್ನು ಮೊದಲು ಕಟ್ಟಿದವರು ಯಾರು?

ಹೆಸರು ಉಳಿದಿರುವುದು ಮಠಗಳದ್ದು. ಬೇಜ್ ಎಂಬ ಮಠಕ್ಕೆ 7ನೇ ಶತಮಾನದಲ್ಲೇ ಒಬ್ಬ ಡ್ಯೂಕ್ ದಾನ ಕೊಟ್ಟ ನೆಲ ಇಂದಿಗೂ ಕ್ಲೋ ದ ಬೇಜ್ ಎಂದೇ ಕರೆಸಿಕೊಳ್ಳುತ್ತಿದೆ. 1098ರಲ್ಲಿ ಸ್ಥಾಪನೆಯಾದ ಸಿತೋ ಮಠದ ಸನ್ಯಾಸಿಗಳು 12ನೇ ಶತಮಾನದ ಆರಂಭದಿಂದ ವೂಜೊ ಎಂಬಲ್ಲಿ ತುಂಡು ತುಂಡಾಗಿ ಭೂಮಿ ಸೇರಿಸಿಕೊಳ್ಳುತ್ತ ಹೋಗಿ, 1336ರ ಹೊತ್ತಿಗೆ ಸುತ್ತ ಕಲ್ಲಿನ ಗೋಡೆ ಕಟ್ಟಿ ಮುಗಿಸಿದರು. ಅದು ಕ್ಲೋ ದ ವೂಜೊ. 1141ರಲ್ಲಿ ಸನ್ಯಾಸಿನಿಯರ ಒಂದು ಮಠ ಕೊಂಡ ತೋಟ ಕ್ಲೋ ದ ತಾರ್.

ಸನ್ಯಾಸಿಗಳು ಮಣ್ಣು ನೆಕ್ಕಿ ನೋಡಿ ಗಡಿ ಗುರುತಿಸುತ್ತಿದ್ದರು ಎಂಬ ಕಥೆ ಪ್ರವಾಸಿಗಳಿಗೆ ಬಲು ಇಷ್ಟ. ಅದಕ್ಕಿಂತ ಮುಖ್ಯವಾದದ್ದು, ಮಠದ ಆಸ್ತಿಗೆ ವಾರಸುದಾರರಿಲ್ಲ ಎಂಬುದು. ಮಕ್ಕಳಿಲ್ಲದ ಮೇಲೆ ಪಾಲಿಲ್ಲ. ಆರೇಳು ಶತಮಾನ ಒಂದೇ ತೋಟ ಒಂದೇ ಕೈಯಲ್ಲಿ ಉಳಿದದ್ದಕ್ಕೆ ಇದೇ ಕಾರಣ. ಸನ್ಯಾಸಿಗಳ ಜತೆಗೆ ದುಡಿದ ಸೇವಕ ಸಹೋದರರು, ಕೂಲಿಯವರು ಎಷ್ಟೋ ಮಂದಿ. ಅವರ ಹೆಸರು ಯಾವ ಗೋಡೆಯ ಮೇಲೂ ಇಲ್ಲ.

ಡ್ಯೂಕ್ ಒಬ್ಬ ಒಂದು ತಳಿಯನ್ನೇ ನಿಷೇಧಿಸಿದ್ದನಂತೆ, ನಿಜವೇ?

ನಿಜ. 1395ರಲ್ಲಿ ಬರ್ಗಂಡಿಯ ಡ್ಯೂಕ್ ಫಿಲಿಪ್, 'ಧೀರ' ಎಂಬ ಬಿರುದಿನವನು, ಗಾಮೆ ತಳಿಯನ್ನು ಕಿತ್ತು ಹಾಕಬೇಕೆಂದು ಆಜ್ಞೆ ಹೊರಡಿಸಿದ. ಗಾಮೆ ಹೆಚ್ಚು ಇಳುವರಿ ಕೊಡುತ್ತಿತ್ತು, ಬೇಗ ಹಣ್ಣಾಗುತ್ತಿತ್ತು. ದಿನದ ಕೂಳು ನೋಡಬೇಕಾದ ರೈತನಿಗೆ ಅದೇ ಆಸರೆ. ಡ್ಯೂಕನಿಗೆ ಬೇಕಾಗಿದ್ದದ್ದು ಆಸ್ಥಾನಗಳಿಗೆ ಉಡುಗೊರೆ ಕಳಿಸುವಂಥ ಪಿನೊ. ಆಜ್ಞೆ ಪೂರ್ತಿ ಜಾರಿಗೆ ಬರಲೇ ಇಲ್ಲ. ಮುಂದಿನ ಶತಮಾನಗಳಲ್ಲೂ ಬಯಲಿನ ಸಾಧಾರಣ ಹೊಲಗಳಲ್ಲಿ ಗಾಮೆಯೇ ಬೆಳೆಯುತ್ತಿತ್ತು. ಇದನ್ನು ಗುಣಮಟ್ಟ ಕಾಪಾಡಿದ ಮಹಾಕಾರ್ಯ ಎಂದು ಕೊಂಡಾಡುವವರು ಬಹಳ. ಬಡವನ ಬಳ್ಳಿಯ ಮೇಲೆ ದೊರೆಯ ಕಣ್ಣು ಬಿತ್ತು ಎಂದೂ ಇದನ್ನು ಓದಬಹುದು, ಓದಬೇಕು.

ಫ್ರೆಂಚ್ ಕ್ರಾಂತಿ ಆದಾಗ ಭೂಮಿ ದುಡಿಯುವವರಿಗೆ ಸಿಕ್ಕಿತೇ?

ಬಹುಪಾಲು ಸಿಗಲಿಲ್ಲ. 1789ರಲ್ಲಿ ಚರ್ಚಿನ ಆಸ್ತಿಗಳು ರಾಷ್ಟ್ರದ ವಶವಾದವು. ಕ್ಲೋ ದ ವೂಜೊ 1791ರಲ್ಲಿ ಹರಾಜಾಯಿತು. ಆದರೆ ಹರಾಜಿನಲ್ಲಿ ಕೂಗುವುದಕ್ಕೆ ಕೈಯಲ್ಲಿ ಕಾಸು ಬೇಕಲ್ಲ? ಒಳ್ಳೊಳ್ಳೆಯ ತೋಟಗಳು ಪ್ಯಾರಿಸ್ಸಿನ ಸಾಹುಕಾರರು, ದಿಜೋಂನ ವಕೀಲರು, ಬೋನ್‌ನ ವ್ಯಾಪಾರಿಗಳ ಪಾಲಾದವು. ಮಠದ ತೋಟದಲ್ಲಿ ಚಾಟ್ನಿ, ಅಂದರೆ ಬಳ್ಳಿಯ ಕಡ್ಡಿ ಕತ್ತರಿಸುವ ಕೆಲಸ, ಮಾಡುತ್ತಿದ್ದವನು ಮರುವರ್ಷ ಸಾಹುಕಾರನ ತೋಟದಲ್ಲಿ ಚಾಟ್ನಿ ಮಾಡಿದ, ಅಷ್ಟೆ.

ಕ್ರಾಂತಿಯ ನಿಜವಾದ ಪರಿಣಾಮ ನಿಧಾನವಾಗಿ ಬಂತು, ಅದೂ ಕಾನೂನಿನ ದಾರಿಯಲ್ಲಿ. 1804ರ ನೆಪೋಲಿಯನ್ ಸಂಹಿತೆ, ಕ್ರಾಂತಿ ತೆಗೆದುಹಾಕಿದ್ದ ಹಿರಿಮಗನ ಹಕ್ಕನ್ನು ಮತ್ತೆ ತರದೆ, ಗಂಡಿರಲಿ ಹೆಣ್ಣಿರಲಿ ಎಲ್ಲ ಮಕ್ಕಳಿಗೂ ಸಮಪಾಲು ಎಂದಿತು. ಅಪ್ಪ ಬಯಸಿದರೂ ಒಬ್ಬ ಮಗನಿಗೇ ಎಲ್ಲವನ್ನೂ ಬರೆದುಕೊಡುವಂತಿಲ್ಲ.

ಒಂದೇ ತೋಟಕ್ಕೆ ಅಷ್ಟೊಂದು ಒಡೆಯರು ಇರುವುದು ಇದರಿಂದಲೇ?

ಹೌದು. ಕ್ಲೋ ದ ವೂಜೊ ಸುಮಾರು 50 ಹೆಕ್ಟೇರ್, ನಮ್ಮ ಲೆಕ್ಕದಲ್ಲಿ 125 ಎಕರೆಯ ಹತ್ತಿರ. ಸುತ್ತ ಅದೇ ಹಳೆಯ ಗೋಡೆ. ಕ್ರಾಂತಿಯ ನಂತರವೂ ಬಹುಕಾಲ ಒಂದೇ ಒಡೆತನದಲ್ಲಿದ್ದ ಇದು 1889ರಲ್ಲಿ ಹಲವು ಖರೀದಿದಾರರಿಗೆ ಹಂಚಿಹೋಯಿತು. ಅವರ ಮಕ್ಕಳು, ಮೊಮ್ಮಕ್ಕಳು ಪಾಲಾದರು, ಕೆಲವರು ಮಾರಿದರು. ಈಗ ಗೋಡೆಯ ಒಳಗೆ ಸುಮಾರು 80 ಒಡೆಯರು. ಕೆಲವರದು ಬೆರಳೆಣಿಕೆಯ ಸಾಲು ಬಳ್ಳಿ ಮಾತ್ರ. ನಡುವೆ ಬೇಲಿಯಿಲ್ಲ, ಗಡಿಗೆ ಒಂದು ಕಲ್ಲು. ಒಬ್ಬನ ಸಾಲು ಮುಗಿದ ಮರುಸಾಲು ಇನ್ನೊಬ್ಬನದು. ಇವನು ಕಳೆ ಕಿತ್ತಿರುತ್ತಾನೆ, ಅವನು ಬಿಟ್ಟಿರುತ್ತಾನೆ. ಬಾಟಲಿಯ ಮೇಲೆ ಇಬ್ಬರದೂ ಒಂದೇ ತೋಟದ ಹೆಸರು. ಅದಕ್ಕೇ ಬರ್ಗಂಡಿಯಲ್ಲಿ ತೋಟದ ಹೆಸರಿನಷ್ಟೇ ಬೆಳೆದವನ ಹೆಸರೂ ಮುಖ್ಯ.

ಒಬ್ಬ ಸಾಮಾನ್ಯ ಬೆಳೆಗಾರನ ಹತ್ತು ಹದಿನೈದು ಎಕರೆ ನಾಲ್ಕಾರು ಊರುಗಳಲ್ಲಿ ಚೆದುರಿರುತ್ತದೆ. ಓಡಾಟಕ್ಕೇ ಅರ್ಧ ದಿನ ಹೋಗುತ್ತದೆ. ಆದರೆ ಆಲಿಕಲ್ಲು ಮಳೆ ಒಂದು ಊರನ್ನು ಬಡಿದರೆ ಮತ್ತೊಂದು ಊರಿನ ತುಂಡು ಉಳಿಯುತ್ತದೆ, ಅದೂ ಸಣ್ಣ ಮಾತಲ್ಲ.

ಪಾಲಿನಿಂದ ಮನೆತನ ಹಾಳಾಯಿತು ಎಂದು ಮರುಗುವುದು ಎಲ್ಲ ಕಡೆಯ ರೂಢಿ. ಬರ್ಗಂಡಿಯ ಚರಿತ್ರೆ ನೋಡಿದರೆ ನನಗೆ ಬೇರೆಯೇ ಕಾಣುತ್ತದೆ. ದೊಡ್ಡ ಹಿಡುವಳಿ ಒಡೆದು ತುಂಡಾದದ್ದರಿಂದಲೇ ಕೂಲಿಯವನ ಕೈಗೆಟಕುವ ಅಳತೆಯ ನೆಲ ಮಾರಾಟಕ್ಕೆ ಬಂತು.

ಉವ್ರೆ ಎಂಬ ಅಳತೆ ಯಾವುದು?

428 ಚದರ ಮೀಟರ್. ನಮ್ಮ ಸುಮಾರು ನಾಲ್ಕೂಕಾಲು ಗುಂಟೆ. ಒಬ್ಬ ಆಳು ಗುದ್ದಲಿ ಹಿಡಿದು ಒಂದು ದಿನದಲ್ಲಿ ಅಗೆಯಬಹುದಾದಷ್ಟು ಜಾಗ ಎಂಬ ಲೆಕ್ಕದಲ್ಲಿ ಹುಟ್ಟಿದ ಅಳತೆ ಇದು. ಹೆಕ್ಟೇರಿಗೆ 23ಕ್ಕಿಂತ ತುಸು ಹೆಚ್ಚು ಉವ್ರೆ. ಸರಕಾರಿ ದಾಖಲೆಯಲ್ಲಿ ಹೆಕ್ಟೇರ್ ಇದ್ದರೂ ಬೆಳೆಗಾರರ ಮಾತಿನಲ್ಲಿ ಇಂದಿಗೂ "ಅಲ್ಲಿ ನಾಲ್ಕು ಉವ್ರೆ ಇದೆ" ಎಂದೇ ಬರುತ್ತದೆ.

ಆ ಒಂದು ದಿನದ ಕೆಲಸ ಎಂಥದ್ದು ಎಂಬುದನ್ನೂ ಹೇಳಬೇಕು. 19ನೇ ಶತಮಾನದ ಕೊನೆಯವರೆಗೆ ಇಲ್ಲಿನ ತೋಟಗಳಲ್ಲಿ ಸಾಲುಗಳೇ ಇರಲಿಲ್ಲ. ಹಳೆಯ ಬಳ್ಳಿಯ ಕುಡಿಯನ್ನು ಬಾಗಿಸಿ ಮಣ್ಣಿನಲ್ಲಿ ಹೂತು ಹೊಸ ಗಿಡ ಎಬ್ಬಿಸುತ್ತಿದ್ದರು. ಹೀಗೆ ಬಳ್ಳಿಗಳು ಒತ್ತೊತ್ತಾಗಿ, ಅಡ್ಡಾದಿಡ್ಡಿಯಾಗಿ ತುಂಬಿಕೊಳ್ಳುತ್ತಿದ್ದವು. ಕುದುರೆ, ನೇಗಿಲು ನುಗ್ಗುವ ಹಾಗಿಲ್ಲ, ಎಲ್ಲವೂ ಕೈಕೆಲಸ. ಪ್ರತಿ ಬಳ್ಳಿಗೂ ಒಂದು ಊರುಗೋಲು. ಚಳಿಗಾಲಕ್ಕೆ ಅಷ್ಟನ್ನೂ ಕಿತ್ತು ರಾಶಿ ಹಾಕಿ, ವಸಂತದಲ್ಲಿ ಮತ್ತೆ ನೆಡಬೇಕು. ಕುಡಿಗಳನ್ನು ಹುಲ್ಲಿನಿಂದ ಕಟ್ಟುವ ಕೆಲಸ ಹೆಚ್ಚಾಗಿ ಹೆಂಗಸರದು. ಜೋರು ಮಳೆ ಬಂದು ಇಳಿಜಾರಿನ ಮಣ್ಣು ಕೊಚ್ಚಿಹೋದರೆ, ಕೆಳಗೆ ಗುಡ್ಡೆಯಾದ ಮಣ್ಣನ್ನು ಬುಟ್ಟಿಗೆ ತುಂಬಿ, ಬೆನ್ನ ಮೇಲೆ ಹೊತ್ತು ಮತ್ತೆ ಮೇಲಕ್ಕೆ ತರುತ್ತಿದ್ದರು. ಲಕ್ಷಗಟ್ಟಲೆ ಬೆಲೆಯ ಮಣ್ಣು ಎಂದು ಇವತ್ತು ಹೊಗಳುವುದು ಹೀಗೆ ಬೆನ್ನ ಮೇಲೆ ಬಂದ ಮಣ್ಣನ್ನು.

ಚಳಿಗಾಲದ ಚಾಟ್ನಿಯ ಹೊತ್ತಿಗೆ ಈಗಲೂ ಅಲ್ಲಲ್ಲಿ ಒಂದು ನೋಟ ಕಾಣುತ್ತದೆ. ಹಳೆಯ ಕಬ್ಬಿಣದ ಡ್ರಮ್ಮನ್ನು ಉದ್ದಕ್ಕೆ ಸೀಳಿ, ಚಕ್ರ ಮತ್ತು ಹಿಡಿ ಕೂಡಿಸಿದ ತಳ್ಳುಗಾಡಿ. ಒಳಗೆ ಬೆಂಕಿ. ಕತ್ತರಿಸಿದ ಕಡ್ಡಿಯನ್ನು ಅಲ್ಲೇ ಎಸೆದು ಸುಡುತ್ತ, ಕೈ ಕಾಯಿಸಿಕೊಳ್ಳುತ್ತ ಸಾಲಿನುದ್ದಕ್ಕೂ ತಳ್ಳಿಕೊಂಡು ಹೋಗುತ್ತಾರೆ. ಇತ್ತೀಚೆಗೆ ಕಡ್ಡಿಯನ್ನು ಪುಡಿ ಮಾಡಿ ಮಣ್ಣಿಗೇ ಸೇರಿಸುವವರು ಹೆಚ್ಚುತ್ತಿದ್ದಾರೆ.

ಕೂಲಿಯವರು ಒಡೆಯರಾದದ್ದು ಹೇಗೆ?

ಒಂದು ಕೀಟದಿಂದ. ಅಮೆರಿಕದಿಂದ ಬಂದ ಫಿಲೊಕ್ಸೆರಾ ದ್ರಾಕ್ಷಿಯ ಬೇರಿಗೆ ಹತ್ತುವ ಹೇನು. ಅದು 1878ರಲ್ಲಿ ಕೋತ್ ದೋರ್‌ನ ಮೆರ್ಸೊ ಊರಿನಲ್ಲಿ ಕಾಣಿಸಿಕೊಂಡಿತು. ಬೇರಿಗೆ ಔಷಧ ಚುಚ್ಚುವ ತಂಡಗಳು ಬಂದಾಗ ಹಳ್ಳಿಗರು ವಿರೋಧಿಸಿದರು. ಇರುವ ಬಳ್ಳಿಯನ್ನೂ ಕೊಲ್ಲಲು ಬಂದವರು ಎಂಬ ಭಯ ಅವರಿಗೆ. ಅಮೆರಿಕದ ಬೇರಿನ ಮೇಲೆ ಕಸಿ ಮಾಡಿದರೆ ಬಳ್ಳಿ ಉಳಿಯುತ್ತದೆ ಎಂದು ಗೊತ್ತಾದ ಮೇಲೂ ಬರ್ಗಂಡಿಯಲ್ಲಿ 1887ರವರೆಗೆ ಅದಕ್ಕೆ ನಿಷೇಧವಿತ್ತು.

ಇಡೀ ಇಳಿಜಾರನ್ನು ಕಿತ್ತು ಮತ್ತೆ ನೆಡಬೇಕಾಗಿ ಬಂತು. ಪಟ್ಟಣದಲ್ಲಿ ಕೂತು ಆದಾಯ ಎಣಿಸುತ್ತಿದ್ದ ಒಡೆಯರಿಗೆ ಆ ಖರ್ಚು ಭಾರವಾಯಿತು. ಅನೇಕರು ಬಂದ ಬೆಲೆಗೆ ಮಾರಿದರು. ಆಗ ಕೊಂಡವರಲ್ಲಿ ಕೂಲಿಯವರು, ವಾರಕ್ಕೆ (ಬೆಳೆಯ ಪಾಲಿಗೆ) ಮಾಡುತ್ತಿದ್ದವರು, ಪೀಪಾಯಿ ಕಟ್ಟುವವರು ಇದ್ದರು. ಹಗಲು ಸಾಹುಕಾರನ ತೋಟದಲ್ಲಿ ದುಡಿದು, ಸಂಜೆ ಮತ್ತು ರಜೆಯ ದಿನ ತನ್ನ ಒಂದೆರಡು ಉವ್ರೆಯಲ್ಲಿ ಕಸಿಗಿಡ ನೆಟ್ಟರು. ಮೊದಲ ಮಹಾಯುದ್ಧದ ನಂತರ, ಮತ್ತೆ 1930ರ ದಶಕದಲ್ಲಿ ವೈನಿನ ಬೆಲೆ ನೆಲ ಕಚ್ಚಿದಾಗಲೂ ಇದೇ ನಡೆಯಿತು. ಈಗ ಜಗತ್ಪ್ರಸಿದ್ಧವಾಗಿರುವ ಎಷ್ಟೋ ಮನೆತನಗಳ ಬುಡ ಇಲ್ಲಿದೆ.

ಕಸಿಗಿಡಗಳನ್ನು ಸಾಲಾಗಿ ನೆಟ್ಟದ್ದರಿಂದ ಕುದುರೆ ನೇಗಿಲು ಬಂತು. 1950ರ ದಶಕದ ಹೊತ್ತಿಗೆ ಸಾಲಿನ ಮೇಲೆ ಕಾಲು ಚಾಚಿ ನಿಂತಂತೆ ಓಡುವ ಎತ್ತರದ ಟ್ರ್ಯಾಕ್ಟರ್ ಬಂತು. ಆಳುಗಳ ಸಂಖ್ಯೆ ಇಳಿಯಿತು, ಇದ್ದವರ ಸೊಂಟ ಸ್ವಲ್ಪ ನೆಟ್ಟಗಾಯಿತು.

ವಾರಕ್ಕೆ ಮಾಡುವ ಪದ್ಧತಿ ಅಲ್ಲೂ ಇದೆಯೇ?

ಇದೆ. ನೆಲ ಒಬ್ಬರದು, ದುಡಿಮೆ ಇನ್ನೊಬ್ಬರದು; ಬಂದ ದ್ರಾಕ್ಷಿಯೋ ವೈನೋ ಅರ್ಧಕ್ಕರ್ಧ, ಇಲ್ಲವೇ ಒಪ್ಪಂದದಂತೆ ಹಂಚಿಕೆ. ಅಲ್ಲಿ ಅದಕ್ಕೆ ಮೆತಯಾಜ್ ಎನ್ನುತ್ತಾರೆ. ಹಣದ ಗುತ್ತಿಗೆಯೂ ಇದೆ. ಉವ್ರೆಗೆ ಇಷ್ಟು ಎಂದು ವರ್ಷದ ಕೆಲಸವನ್ನು ಗುತ್ತಿಗೆ ಹಿಡಿಯುವ ತಾಶ್ರೋಂಗಳು ಈಗಲೂ ಇದ್ದಾರೆ. ಎರಡನೇ ಮಹಾಯುದ್ಧ ಮುಗಿಯುತ್ತಿದ್ದಂತೆ 1945-46ರಲ್ಲಿ ಬಂದ ಕಾನೂನು ಗೇಣಿದಾರರಿಗೆ ಕನಿಷ್ಠ 9 ವರ್ಷದ ಭದ್ರತೆ ಕೊಟ್ಟಿತು. ಒಡೆಯ ಸಿಟ್ಟು ಬಂದಾಗ ಎಬ್ಬಿಸಿ ಕಳಿಸುವಂತಿಲ್ಲ.

ಇದಕ್ಕೆ ಎಲ್ಲರೂ ಹೇಳುವ ಉದಾಹರಣೆ ವೋನ್-ರೊಮಾನೆ ಊರಿನ ಆಂರಿ ಜಾಯೆ. ಆ ಊರಿನ ಮೇಯರ್ ಮತ್ತು ಸಂಸದರಾಗಿದ್ದ ಎತಿಯೆನ್ ಕಾಮುಜೆ ಅವರ ತೋಟಗಳನ್ನು ಜಾಯೆ 1945ರಿಂದ ಸುಮಾರು ನಾಲ್ಕು ದಶಕ ವಾರಕ್ಕೆ ಮಾಡಿದರು. ಅವುಗಳ ಪಕ್ಕದಲ್ಲೇ ಕ್ರೋ ಪಾರಾಂತು ಎಂಬ ಕಲ್ಲುಗುಡ್ಡದ ತುಂಡು. ಫಿಲೊಕ್ಸೆರಾ ಬಂದ ಮೇಲೆ ಪಾಳು ಬಿದ್ದು, ಯುದ್ಧದ ಕಾಲದಲ್ಲಿ ಗೆಡ್ಡೆ ಬೆಳೆಯಲು ಬಳಕೆಯಾಗಿತ್ತು. ಸುಮಾರು ಎರಡೂವರೆ ಎಕರೆ. ಯಾರಿಗೂ ಬೇಡವಾಗಿದ್ದ ಆ ಬಂಡೆಯನ್ನು ಜಾಯೆ ಸಿಡಿಮದ್ದು ಇಟ್ಟು ಒಡೆದು ಬಳ್ಳಿ ನೆಟ್ಟರು. 1978ರಿಂದ ಅದನ್ನು ಪ್ರತ್ಯೇಕ ಹೆಸರಿನಲ್ಲಿ ಬಾಟಲಿಗೆ ತುಂಬಿದರು. ಅವರು 2006ರಲ್ಲಿ ತೀರಿಕೊಂಡರು. 2018ರಲ್ಲಿ ಅವರ ನೆಲಮಾಳಿಗೆಯಲ್ಲಿ ಉಳಿದಿದ್ದ ಬಾಟಲಿಗಳು ಜಿನೀವಾದಲ್ಲಿ ಹರಾಜಾದಾಗ ಮೂರು ಕೋಟಿಗೂ ಹೆಚ್ಚು ಸ್ವಿಸ್ ಫ್ರಾಂಕ್ ಬಂತು.

1980ರ ದಶಕದ ಕೊನೆಗೆ ಕಾಮುಜೆ ಮನೆತನದ ವಾರಸುದಾರರು ತಮ್ಮ ಭೂಮಿಯನ್ನು ವಾಪಸ್ ಪಡೆದು ಸ್ವತಃ ವೈನ್ ಮಾಡತೊಡಗಿದರು. ಅದೇ ಇಂದಿನ ಮೇಓ-ಕಾಮುಜೆ. ಹೊಸ ಒಡೆಯನಿಗೆ ಕೆಲಸ ಹೇಳಿಕೊಟ್ಟವರು ಜಾಯೆಯವರೇ. ಭೂಮಿ ಬಿಟ್ಟುಕೊಡುವ ಹೊತ್ತಿನಲ್ಲಿ ವಿದ್ಯೆಯನ್ನೂ ಕೊಟ್ಟು ಹೋದ ಆ ದೊಡ್ಡತನವನ್ನು ಅವರ ಯಾವ ಬಾಟಲಿಗಿಂತಲೂ ಹೆಚ್ಚಾಗಿ ನಾನು ಮೆಚ್ಚುತ್ತೇನೆ.

ವ್ಯಾಪಾರಿ ಮನೆತನಗಳಿಗೂ ಬೆಳೆಗಾರರಿಗೂ ಜಗಳ ಏಕೆ ಬಂತು?

ಬೋನ್ ಪಟ್ಟಣದ ವೈನ್ ವ್ಯಾಪಾರಿಗಳದು 18ನೇ ಶತಮಾನದಿಂದ ಬಂದ ದೊಡ್ಡಸ್ತಿಕೆ. 1731ರಲ್ಲಿ ಶುರುವಾದ ಬುಶಾರ್ ಮನೆತನದ ಮೂಲಪುರುಷ ಬಟ್ಟೆ ವ್ಯಾಪಾರಿ. ಬಟ್ಟೆ ಮಾರಲು ಹೋದ ದಾರಿಯಲ್ಲೇ ವೈನಿನ ಗಿರಾಕಿಗಳೂ ಸಿಕ್ಕರು. ಬೆಳೆಗಾರ 228 ಲೀಟರಿನ ಪೀಪಾಯಿಯಲ್ಲಿ ವೈನ್ ಮಾರಿದರೆ ಅವನ ಕೆಲಸ ಮುಗಿಯಿತು. ವ್ಯಾಪಾರಿ ಅದನ್ನು ಬೆರೆಸಿ, ಬಾಟಲಿಗೆ ತುಂಬಿ, ತನ್ನ ಹೆಸರು ಅಂಟಿಸುತ್ತಿದ್ದ. ಬೆಲೆ ಅವನು ಹೇಳಿದ್ದೇ. ದಕ್ಷಿಣದ ರೋನ್ ಕಣಿವೆ ಅಥವಾ ಅಲ್ಜೀರಿಯಾದ ಗಟ್ಟಿ ವೈನ್ ಬೆರೆಸಿ ಬರ್ಗಂಡಿ ಎಂದು ಮಾರುವವರೂ ಇದ್ದರು.

1920-30ರ ದಶಕದಲ್ಲಿ ವೋಲ್ನೆ ಊರಿನ ಮಾರ್ಕಿ ದಾಂಜೆರ್ವಿಲ್, ನ್ವಿ-ಸಾಂ-ಜೋರ್ಜ್‌ನ ಆಂರಿ ಗೂಜ್ ಮುಂತಾದವರು ಈ ಮೋಸದ ವಿರುದ್ಧ ದನಿಯೆತ್ತಿದರು. ವ್ಯಾಪಾರಿಗಳು ಅವರ ವೈನ್ ಕೊಳ್ಳುವುದನ್ನೇ ಬಿಟ್ಟರು. ಗತ್ಯಂತರವಿಲ್ಲದೆ ಇವರು ತಾವೇ ಬಾಟಲಿಗೆ ತುಂಬಿ ಗಿರಾಕಿಗಳಿಗೆ ನೇರ ಮಾರಿದರು. ಜೆವ್ರೆಯ ಆರ್ಮಾಂ ರೂಸೊ ಅವರದೂ ಇದೇ ದಾರಿ. 1935ರಲ್ಲಿ ಊರಿನ ಹೆಸರಿಗೆ ಕಾನೂನಿನ ರಕ್ಷಣೆ ಕೊಡುವ ವ್ಯವಸ್ಥೆ ಫ್ರಾನ್ಸಿನಲ್ಲಿ ಬಂತು. ಬೆಳೆದವನ ಹೆಸರೇ ಲೇಬಲ್ಲಿನ ಮೇಲೆ ಬರುವುದು ರೂಢಿಯಾಗಲು ಇನ್ನೂ ನಾಲ್ಕೈದು ದಶಕ ಬೇಕಾಯಿತು.

ಮನೆತನಗಳಿಗೆ ಜೋಡಿ ಹೆಸರು ಏಕೆ? ಒಂದೇ ಹೆಸರಿನ ನಾಲ್ಕಾರು ಲೇಬಲ್ ಏಕೆ?

ಜೋಡಿ ಹೆಸರಿನಲ್ಲಿ ಹೆಚ್ಚಾಗಿ ಮೊದಲನೆಯದು ಗಂಡನ ಮನೆಯದು, ಎರಡನೆಯದು ಹೆಂಡತಿಯ ತವರಿನದು. ಕೋಶ್-ದ್ಯೂರಿ, ಮೊಂಜಾರ್-ಮ್ಯುನ್ಯೆರೆ ಹೀಗೆ. ಹೆಣ್ಣುಮಕ್ಕಳಿಗೂ ಸಮಪಾಲು ಇದ್ದದ್ದರಿಂದ ಮದುವೆ ಅಂದರೆ ಎರಡು ಮನೆಯ ತೋಟ ಕೂಡುವುದು. ಪಕ್ಕದ ಊರಿನ ಸಂಬಂಧ ಹುಡುಕುವಾಗ ಹಿರಿಯರ ಕಣ್ಣು ಹುಡುಗಿಯ ಮೇಲಷ್ಟೇ ಅಲ್ಲ, ಅವಳ ಪಾಲಿಗೆ ಬರುವ ಸಾಲುಗಳ ಮೇಲೂ ಇರುತ್ತಿತ್ತು.

ಒಂದೇ ಹೆಸರಿನ ಹಲವು ಲೇಬಲ್ಲಿಗೆ ವೋನ್-ರೊಮಾನೆಯ ಗ್ರೋ ಮನೆತನ ನೋಡಿ. ಲೂಯಿ ಗ್ರೋ ಅವರಿಗೆ ನಾಲ್ವರು ಮಕ್ಕಳು, 1963ರಲ್ಲಿ ಪಾಲಾಯಿತು. ಮದುವೆಯಾಗದ ಗ್ಯುಸ್ತಾವ್ ಮತ್ತು ಅವರ ಸೋದರಿ ಕೊಲೆತ್ ತಮ್ಮ ಪಾಲು ಕೂಡಿಸಿ 'ಗ್ರೋ ಅಣ್ಣ-ತಂಗಿ' ಎಂಬ ಅರ್ಥದ ಹೆಸರಿಟ್ಟರು. ಫ್ರಾಂಸ್ವಾ ಅವರ ಪಾಲು 1988ರಲ್ಲಿ ಒಬ್ಬಳೇ ಮಗಳು ಆನ್ ಗ್ರೋ ಕೈಗೆ ಬಂತು. ಜಾಂ ಅವರ ಪಾಲು ಮುಂದೆ ಅವರ ಮಕ್ಕಳಿಗೆ ಹಂಚಿಕೆಯಾಗಿ ಮಿಶೆಲ್ ಗ್ರೋ ಒಂದು ಲೇಬಲ್ ಆದರು. ಪೊಮ್ಮಾರ್‌ಗೆ ಮದುವೆಯಾಗಿ ಹೋದ ಮಗಳು ಆನ್-ಫ್ರಾಂಸ್ವಾಸ್ 'ಎ. ಎಫ್. ಗ್ರೋ' ಎಂಬ ಇನ್ನೊಂದು ಲೇಬಲ್ ಕಟ್ಟಿದರು. ಇನ್ನೊಬ್ಬ ಮಗ ಬೆರ್ನಾರ್ ಅವರು ಚಿಕ್ಕಪ್ಪ-ಅತ್ತೆಯ ಹಿಡುವಳಿ ನೋಡಿಕೊಂಡರು. ಕ್ಲೋ ದೆ ರೆಆ ಎಂಬ ಗೋಡೆಯ ಒಳಗಿನ ಐದು ಎಕರೆ ತೋಟವನ್ನು ಮಾತ್ರ ತುಂಡು ಮಾಡದೆ ಪೂರ್ತಿ ಮಿಶೆಲ್ ಅವರಿಗೇ ಬಿಟ್ಟರು. ಅಂಗಡಿಯಲ್ಲಿ ನಾಲ್ಕು ಗ್ರೋ ಕಂಡರೆ ಗೊಂದಲ ಬೇಡ, ಎಲ್ಲರೂ ಒಬ್ಬ ಅಜ್ಜನ ಸಂತಾನ.

ಹೆಂಗಸರ ಸ್ಥಾನ ಹೇಗಿತ್ತು?

ಪಾಲು ಕಾಗದದಲ್ಲಿತ್ತು, ಯಜಮಾನಿಕೆ ಗಂಡನದು. ನೆಪೋಲಿಯನ್ ಸಂಹಿತೆ ಮಗಳಿಗೆ ಆಸ್ತಿ ಕೊಟ್ಟ ಹಾಗೆಯೇ ಹೆಂಡತಿಯನ್ನು ಗಂಡನ ಅಧೀನದಲ್ಲಿಟ್ಟಿತು. ತೋಟದಲ್ಲಿ ದುಡಿಯುತ್ತಿದ್ದರು, ಲೆಕ್ಕ ಬರೆಯುತ್ತಿದ್ದರು, ಕೊಯ್ಲಿನವರಿಗೆ ಅಡುಗೆ ಮಾಡುತ್ತಿದ್ದರು. ನೆಲಮಾಳಿಗೆಯ ಬೀಗದ ಕೈ ಮಾತ್ರ ಗಂಡಸರ ಬಳಿ. ಕಳೆದ ಮೂರು ನಾಲ್ಕು ದಶಕದಲ್ಲಿ ಅದು ಬದಲಾಗಿದೆ. ಪ್ಯುಲಿನ್ಯಿ-ಮೋಂರಾಶೆಯಲ್ಲಿ 2015ರಲ್ಲಿ ತೀರಿಕೊಂಡ ಆನ್-ಕ್ಲೋದ್ ಲೆಫ್ಲೇವ್ ತಮ್ಮ ಇಡೀ ತೋಟವನ್ನು ರಾಸಾಯನಿಕ ಬಿಟ್ಟ ಬೇಸಾಯಕ್ಕೆ ತಿರುಗಿಸಿದಾಗ ತಲೆ ಅಲ್ಲಾಡಿಸಿದವರೇ ಹೆಚ್ಚು. ಇಂದು ಅವರ ದಾರಿ ಹಿಡಿದವರು ಬಹಳ.

ರೊಮಾನೆ-ಕೋಂತಿ ತೋಟ ತುಂಡಾಗದೆ ಉಳಿದದ್ದು ಹೇಗೆ?

ನಾಲ್ಕೂವರೆ ಎಕರೆಯಷ್ಟೇ ಇರುವ ಈ ತೋಟವನ್ನು 1760ರಲ್ಲಿ ಕೋಂತಿಯ ರಾಜಕುಮಾರ ಕೊಂಡ. ಕ್ರಾಂತಿಯಲ್ಲಿ ಜಪ್ತಿಯಾಗಿ ಕೈ ಬದಲಾಯಿತು. 1869ರಲ್ಲಿ ವ್ಯಾಪಾರಿ ದ್ಯುವೋ-ಬ್ಲೋಶೆ ಕೊಂಡರು. ಅವರ ಹೆಣ್ಣುಮಕ್ಕಳ ಸಂತತಿಯ ಮೂಲಕ ದ ವಿಲೇನ್ ಮನೆತನಕ್ಕೆ ಬಂತು. 1942ರಲ್ಲಿ ಆಂರಿ ಲೆರ್ವಾ ಎಂಬ ವ್ಯಾಪಾರಿ ಅರ್ಧ ಪಾಲು ಕೊಂಡಾಗ ನೆಲವನ್ನು ಕಂಪನಿಯ ಹೆಸರಿನಲ್ಲಿ ಇರಿಸಿದರು. ಅಂದಿನಿಂದ ಪಾಲಾಗುವುದು ಷೇರು, ನೆಲವಲ್ಲ. ಮನೆಯವರ ನಡುವೆ ಜಗಳ ಬರಲಿಲ್ಲ ಎಂದಲ್ಲ. 1992ರಲ್ಲಿ ಆಂರಿ ಲೆರ್ವಾ ಅವರ ಮಗಳು ಲಾಲು ಬೀಜ್-ಲೆರ್ವಾ ಅವರನ್ನು ಆಡಳಿತದಿಂದ ಇಳಿಸಿದ್ದು ಊರೆಲ್ಲ ಸುದ್ದಿಯಾಗಿತ್ತು. ಆದರೂ ತೋಟ ಒಡೆಯಲಿಲ್ಲ. ಅಲ್ಲಿ ಕಸಿಯಿಲ್ಲದ ಹಳೆಯ ಬಳ್ಳಿಗಳು 1945ರವರೆಗೂ ಇದ್ದವು. ಅವನ್ನು ಕಿತ್ತು ಹೊಸದು ನೆಟ್ಟ ಮೇಲೆ 1952ರವರೆಗೆ ಆ ಹೆಸರಿನ ವೈನ್ ಬರಲಿಲ್ಲ.

ಬೋನ್‌ನ ಆಸ್ಪತ್ರೆಗೂ ವೈನಿಗೂ ಏನು ನಂಟು?

ನೂರು ವರ್ಷಗಳ ಯುದ್ಧ, ಹಸಿವು, ಸುಲಿಗೆಯಿಂದ ಬೋನ್ ಸೊರಗಿದ್ದ ಕಾಲ. 1443ರಲ್ಲಿ ಡ್ಯೂಕನ ಚಾನ್ಸೆಲರ್ ನಿಕೊಲಾ ರೋಲಾಂ ಮತ್ತು ಅವನ ಹೆಂಡತಿ ಗಿಗೋನ್ ದ ಸಲಾಂ ಬಡವರಿಗಾಗಿ ಆಸ್ಪತ್ರೆ ಕಟ್ಟಿಸಿದರು. ಬಣ್ಣದ ಹೆಂಚಿನ ಆ ಕಟ್ಟಡದಲ್ಲಿ 1971ರವರೆಗೂ ರೋಗಿಗಳಿದ್ದರು. ಗುಣವಾದವರು, ಮಕ್ಕಳಿಲ್ಲದವರು ತೋಟ ಬರೆದುಕೊಡುತ್ತ ಬಂದು ಈಗ ಆಸ್ಪತ್ರೆಗೆ ಸುಮಾರು 60 ಹೆಕ್ಟೇರ್ ಇದೆ. ಅದರ ವೈನನ್ನು 1859ರಿಂದ ಹರಾಜು ಹಾಕುತ್ತಿದ್ದಾರೆ, ಈಗ ಪ್ರತಿ ನವೆಂಬರಿನ ಮೂರನೇ ಭಾನುವಾರ. ಹಣ ಇಂದಿಗೂ ಆಸ್ಪತ್ರೆಗೇ.

ದಾನಗಳಲ್ಲಿ ಒಂದರ ಕಥೆ ಹೇಳಲೇಬೇಕು. ಜರ್ಮನ್ನರ ಆಕ್ರಮಣದ ಕಾಲ, 1944. ವೈನ್ ವ್ಯಾಪಾರಿ ಮೊರೀಸ್ ದ್ರೂಆಂ ಅವರನ್ನು ಹಿಡಿಯಲು ಜರ್ಮನ್ನರ ಗುಪ್ತ ಪೊಲೀಸ್ ಗೆಸ್ಟಾಪೊ ಮನೆ ಬಾಗಿಲಿಗೆ ಬಂತು. ಬೋನ್ ಊರಿನ ಅಡಿಯಲ್ಲಿ ಶತಮಾನಗಳ ನೆಲಮಾಳಿಗೆಗಳ ಜಾಲವೇ ಇದೆ. ಅವರು ಅದರೊಳಗೆ ಇಳಿದು ಬೇರೊಂದು ಬೀದಿಯಲ್ಲಿ ಮೇಲೆದ್ದು ಆಸ್ಪತ್ರೆ ಸೇರಿದರು. ಸೆಪ್ಟೆಂಬರಿನಲ್ಲಿ ಊರು ಬಿಡುಗಡೆಯಾಗುವವರೆಗೂ ಅಲ್ಲಿನ ಸನ್ಯಾಸಿನಿಯರು ಅವರನ್ನು ಅಡಗಿಸಿಟ್ಟು ಕಾಪಾಡಿದರು. ಆ ಋಣಕ್ಕೆ ಅವರು ತಮ್ಮ ತೋಟದ ಒಂದು ಭಾಗ ಬರೆದುಕೊಟ್ಟರು. ಹರಾಜಿನಲ್ಲಿ ಇಂದಿಗೂ ಅವರ ಹೆಸರಿನ ಪೀಪಾಯಿಗಳು ಬರುತ್ತವೆ. ಎಲ್ಲರಿಗೂ ಆ ಅದೃಷ್ಟ ಇರಲಿಲ್ಲ. ಅದೇ ವರ್ಷದ ಆಗಸ್ಟಿನಲ್ಲಿ ಇಳಿಜಾರಿನ ಕೋಂಬ್ಲಾಂಶಿಯಾಂ ಊರನ್ನು ಜರ್ಮನ್ ಸೈನಿಕರು ಸುಟ್ಟರು, ಜನರನ್ನು ಕೊಂದರು.

ಊರಿನವರ ನಡುವೆ ಒಗ್ಗಟ್ಟು ಇದೆಯೇ, ಬರೀ ಪೈಪೋಟಿಯೇ?

ಎರಡೂ ಇದೆ. ಬೆಳೆಗಾರರ ಕುಲದೇವರಂತಿರುವ ಸಂತ ವಿನ್ಸೆಂಟನ ಹೆಸರಿನಲ್ಲಿ ಊರೂರಿಗೂ ಸಂಘಗಳಿವೆ. ಜನವರಿ 22ರಂದು ಹಬ್ಬ. ಸಂತನ ಮರದ ಮೂರ್ತಿ ಒಂದು ವರ್ಷ ಒಬ್ಬರ ಮನೆಯಲ್ಲಿದ್ದು, ಹಬ್ಬದ ದಿನ ಮೆರವಣಿಗೆಯಲ್ಲಿ ಇನ್ನೊಬ್ಬರ ಮನೆಗೆ ಹೋಗುತ್ತದೆ. ಸಂಘದ ಅಸಲು ಕೆಲಸ ಬೇರೆ. ಸದಸ್ಯನೊಬ್ಬ ಹಾಸಿಗೆ ಹಿಡಿದರೆ ಉಳಿದವರು ಸರದಿಯಂತೆ ಅವನ ತೋಟದ ಚಾಟ್ನಿ, ಉಳುಮೆ ಮಾಡಿಕೊಡಬೇಕು. ವಿಮೆ, ಪಿಂಚಣಿ ಇಲ್ಲದ ಕಾಲದಲ್ಲಿ ವಿಧವೆಯ ಸಂಸಾರ ಉಳಿದದ್ದು ಇದರಿಂದ. 1938ರಿಂದ ವರ್ಷಕ್ಕೊಂದು ಊರಿನಲ್ಲಿ ಎಲ್ಲ ಸಂಘಗಳೂ ಸೇರುವ ದೊಡ್ಡ ಜಾತ್ರೆ ನಡೆಯುತ್ತದೆ.

2016ರ ಏಪ್ರಿಲ್‌ನಲ್ಲಿ ಹಿಮಗಟ್ಟಿದ ಚಳಿಗೆ ಮೋಂರಾಶೆ ತೋಟದ ಫಸಲು ಎಷ್ಟು ಕಡಿಮೆಯಾಯಿತೆಂದರೆ, ಏಳು ಮನೆತನದವರು ತಂತಮ್ಮ ಚೂರುಪಾರು ದ್ರಾಕ್ಷಿಯನ್ನು ಒಂದೇ ಕಡೆ ಸುರಿದು ಒಟ್ಟಿಗೆ ವೈನ್ ಮಾಡಿದರು. ಮರುವರ್ಷ ಅದೇ ಹೊತ್ತಿಗೆ ಮತ್ತೆ ಹಿಮದ ಮುನ್ಸೂಚನೆ ಬಂದಾಗ ಬೆಳಗಿನ ಜಾವ ಊರೂರಿನವರು ಒದ್ದೆ ಹುಲ್ಲು ಸುಟ್ಟು, ಇಳಿಜಾರಿನುದ್ದಕ್ಕೂ ಹೊಗೆ ಹರಡಿ ಚಿಗುರು ಉಳಿಸಿಕೊಂಡರು.

ಕೊಯ್ಲಿಗೆ ಯಾರು ಬರುತ್ತಾರೆ?

ಮೊದಲು ಪಕ್ಕದ ಮೊರ್ವಾಂ ಗುಡ್ಡಗಾಡಿನವರು, ಆಮೇಲೆ ವಿದ್ಯಾರ್ಥಿಗಳು, ಸ್ಪೇನಿನವರು. ಈಗ ಪೂರ್ವ ಯುರೋಪಿನಿಂದ ಗುತ್ತಿಗೆದಾರರ ಮೂಲಕ ಬರುವವರು ಹೆಚ್ಚು. ಮನೆಯಲ್ಲೇ ಇಳಿಸಿಕೊಂಡು ಊಟ ಹಾಕುವ ಪದ್ಧತಿ ಕಡಿಮೆಯಾಗುತ್ತಿದೆ. ಕೊಯ್ಲು ಮುಗಿದ ದಿನದ ಪೋಲೆ ಊಟದಲ್ಲಿ ಒಡೆಯ, ಆಳು ಒಂದೇ ಮೇಜಿಗೆ ಕೂರುತ್ತಾರೆ. ಗುತ್ತಿಗೆದಾರರು ನಡುವೆ ಬಂದ ಕಡೆ ಆ ಪಂಕ್ತಿಯೂ ತಪ್ಪುತ್ತಿದೆ, ಅದು ದೊಡ್ಡ ನಷ್ಟ.

ಈಗ ಜಮೀನು ಯಾರ ಕೈಗೆ ಹೋಗುತ್ತಿದೆ?

ಕಳವಳದ ವಿಷಯ ಇದೇ. ಅತ್ಯುತ್ತಮ ದರ್ಜೆಯ ಗ್ರಾಂ ಕ್ರೂ ತೋಟ ಹೆಕ್ಟೇರಿಗೆ ಹತ್ತಾರು ಲಕ್ಷ ಯೂರೋ ಬೆಲೆ ಬಾಳುತ್ತದೆ. ವಾರಸು ತೆರಿಗೆ ಆ ಬೆಲೆಯ ಮೇಲೆ ಬೀಳುತ್ತದೆ. ಮಕ್ಕಳಿಗೂ ಮೇಲಿನ ಹಂತದಲ್ಲಿ 45 ಶೇಕಡಾ. ತೋಟದಲ್ಲಿ ಉಳಿದ ಅಣ್ಣ, ಪ್ಯಾರಿಸ್ಸಿನಲ್ಲಿ ನೌಕರಿಯಲ್ಲಿರುವ ತಂಗಿಗೆ ಅವಳ ಪಾಲಿನ ಬೆಲೆ ಕೊಡಬೇಕೆಂದರೆ ಎಷ್ಟು ವರ್ಷದ ವೈನ್ ಮಾರಿದರೂ ಸಾಲದು. 1970ರ ಕಾನೂನಿನಂತೆ ಭೂಮಿಯನ್ನು ಕುಟುಂಬದ ಕೂಟದ ಹೆಸರಿಗೆ ಮಾಡಿ ಷೇರು ಹಂಚುವ ದಾರಿ ಇದೆ. ಆದರೆ ಮೂರನೇ ತಲೆಮಾರಿಗೆ ಷೇರುದಾರರು ಹೆಚ್ಚಾಗಿ, ಒಬ್ಬೊಬ್ಬರೇ ಮಾರೋಣ ಎನ್ನತೊಡಗುತ್ತಾರೆ.

ಕೊಳ್ಳುವವರು ಕುಬೇರರು. 2014ರಲ್ಲಿ ಲಾಂಬ್ರೆ ತೋಟ ಐಷಾರಾಮಿ ವಸ್ತುಗಳ ಎಲ್‌ವಿಎಂಎಚ್ ಕಂಪನಿಗೆ ಹೋಯಿತು. ಸನ್ಯಾಸಿನಿಯರು 1141ರಲ್ಲಿ ಕೊಂಡ ಕ್ಲೋ ದ ತಾರ್ 2017ರಲ್ಲಿ ಕೋಟ್ಯಧೀಶ ಉದ್ಯಮಿ ಪಿನೋ ಅವರ ಕುಟುಂಬದ ಕಂಪನಿಗೆ ಸೇರಿತು. ಅಷ್ಟು ಶತಮಾನಗಳಲ್ಲಿ ಅದಕ್ಕೆ ಇದು ನಾಲ್ಕನೇ ಒಡೆತನ ಮಾತ್ರ. 2012ರಲ್ಲಿ ಜೆವ್ರೆಯ ಹಳೆಯ ಕೋಟೆಮನೆಯನ್ನು ಮಕಾವ್‌ನ ಉದ್ಯಮಿ ಕೊಂಡಾಗ ಊರಲ್ಲಿ ಗಲಾಟೆಯೇ ಆಯಿತು. ಕೊಂಡವನು ಚೀನೀಯನೋ ಫ್ರೆಂಚನೋ ಎಂಬುದು ನನಗೆ ಮುಖ್ಯವಲ್ಲ. ಒಂದೆರಡು ಉವ್ರೆ ಕೊಂಡು ಬಾಳು ಕಟ್ಟುವ ದಾರಿ ದುಡಿಯುವವನಿಗೆ ಮುಚ್ಚುತ್ತಿದೆಯಲ್ಲ, ಅದು ಮುಖ್ಯ. ಇಂದಿನ ತಾಶ್ರೋಂ ತನ್ನ ಜೀವಮಾನದ ಉಳಿತಾಯದಲ್ಲಿ ಗ್ರಾಂ ಕ್ರೂ ನೆಲದ ಒಂದು ಉವ್ರೆಯನ್ನೂ ಕೊಳ್ಳಲಾರ.

ನಕಲಿ ಬಾಟಲಿಗಳ ಹಾವಳಿ ನಿಜವೇ?

ನಿಜ. 2008ರಲ್ಲಿ ನ್ಯೂಯಾರ್ಕಿನ ಹರಾಜಿಗೆ ಪೋನ್ಸೋ ಮನೆತನದ ಕ್ಲೋ ಸಾಂ-ದೆನಿ ವೈನಿನ 1945ರ ಬಾಟಲಿ ಬಂದಿತ್ತು. ಆ ಮನೆತನ ಆ ತೋಟದ ವೈನ್ ಮಾಡತೊಡಗಿದ್ದೇ 1982ರಲ್ಲಿ. ಲೋರಾಂ ಪೋನ್ಸೋ ಖುದ್ದಾಗಿ ಹೋಗಿ ಮಾರಾಟ ನಿಲ್ಲಿಸಿದರು. ಬಾಟಲಿ ತಂದಿದ್ದ ರೂಡಿ ಕುರ್ನಿಯಾವಾನ್‌ ಮೇಲಿನ ಆರೋಪ 2013ರಲ್ಲಿ ಸಾಬೀತಾಯಿತು.

ಕರ್ನಾಟಕದ ದ್ರಾಕ್ಷಿಗೂ ಈ ಕಥೆಗೂ ಸಂಬಂಧ ಉಂಟೇ?

ಬೇರಿನ ಮಟ್ಟಿಗೆ ಉಂಟು. ಬರ್ಗಂಡಿಯನ್ನು ಬದುಕಿಸಿದ್ದು ಅಮೆರಿಕದ ಕಾಡುದ್ರಾಕ್ಷಿಯ ಬೇರು. ವಿಜಯಪುರ, ಬಾಗಲಕೋಟೆ ಕಡೆಯ ಬೆಳೆಗಾರರು ಕಸಿಗೆ ಬಳಸುವ ಡಾಗ್‌ರಿಡ್ಜ್ ಕೂಡ ಅಮೆರಿಕದ ಮೂಲದ್ದೇ. ಅಲ್ಲಿ ಕೀಟಕ್ಕಾಗಿ, ಇಲ್ಲಿ ಉಪ್ಪುನೀರು ಮತ್ತು ಬರಕ್ಕಾಗಿ. ಬೆಂಗಳೂರಿನ ಸುತ್ತ ಬೆಳೆಯುವ ಬೆಂಗಳೂರು ಬ್ಲೂ ತಳಿಯಲ್ಲೂ ಅಮೆರಿಕದ ದ್ರಾಕ್ಷಿಯ ರಕ್ತವಿದೆ. ಅದರ ಹತ್ತಿರದ ನಂಟಿನ ಇಸಾಬೆಲ್ ತಳಿಯನ್ನು ಫ್ರಾನ್ಸ್ 1930ರ ದಶಕದಲ್ಲಿ ಕಾನೂನು ಮಾಡಿ ನಿಷೇಧಿಸಿತು.

ಹೋಗಿ ನೋಡಬಹುದೇ?

ಧಾರಾಳವಾಗಿ. ದಿಜೋಂ ಅಥವಾ ಬೋನ್‌ನಲ್ಲಿ ಇಳಿದು ಬಾಡಿಗೆ ಸೈಕಲ್ ಹತ್ತಿದರೆ ತೋಟಗಳ ನಡುವಿನ ದಾರಿಯಲ್ಲೇ ಊರೂರು ಸುತ್ತಬಹುದು. ಹೆಚ್ಚಿನ ಕಡೆ ಬೇಲಿ ಇಲ್ಲ, ಹಾಗೆಂದು ಸಾಲಿನೊಳಗೆ ಇಳಿಯಬೇಡಿ, ಒಂದು ಹಣ್ಣನ್ನೂ ಕೀಳಬೇಡಿ. ಸಣ್ಣ ಬೆಳೆಗಾರರ ಮನೆಗೆ ಹೋಗುವ ಮುನ್ನ ಕರೆ ಮಾಡಿ ಸಮಯ ಕೇಳಬೇಕು. ಕೊಯ್ಲು ನಡೆಯುವ ಸೆಪ್ಟೆಂಬರಿನಲ್ಲಿ ಅವರಿಗೆ ಮಾತಾಡಲೂ ಪುರುಸೊತ್ತಿರುವುದಿಲ್ಲ. ದೊಡ್ಡ ಹೆಸರಿನ ಬಾಗಿಲುಗಳು ತೆರೆಯುವುದು ಅಪರೂಪ. ಕ್ಲೋ ದ ವೂಜೊದ ಹಳೆಯ ಕಟ್ಟಡ ಮಾತ್ರ ಎಲ್ಲರಿಗೂ ತೆರೆದಿದೆ, ಸನ್ಯಾಸಿಗಳ ಕಾಲದ ಮರದ ದೈತ್ಯ ಗಾಣಗಳನ್ನು ಅಲ್ಲಿ ನೋಡಬಹುದು. ಬೋನ್ ಆಸ್ಪತ್ರೆಗೆ ಹೋಗುವವರು ಅರ್ಧ ದಿನ ಇಟ್ಟುಕೊಳ್ಳಿ.